ಟಿಸಿ ಸುಡುವುದು ಬಿಸಿಲಿಗಲ್ಲ

ತಾಯಲೂರು ಸುತ್ತಿನ ಟೊಮೆಟೊ, ಹಿಪ್ಪುನೇರಳೆ ತೋಟಗಳ ನಡುವೆ ಕಂಬದ ಮೇಲಿರುವ ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ, ಫ್ಯಾನಿಲ್ಲ. ಸುರುಳಿಯ ಶಾಖ ಹೀರಿದ ಎಣ್ಣೆ ತಾನಾಗಿ ಮೇಲೇರಿ, ರೇಡಿಯೇಟರಿನಲ್ಲಿ ಅದನ್ನು ಗಾಳಿಗೆ ಬಿಟ್ಟು ಕೆಳಗಿಳಿಯುತ್ತದೆ. ಬೇಸಿಗೆಯಲ್ಲಿ ಟಿಸಿ ಸುಟ್ಟರೆ ಬಿಸಿಲನ್ನು ದೂರುವುದು ವಾಡಿಕೆ. ಟಿಸಿಯ ಶಾಖದ ಲೆಕ್ಕಗಳಿಂದ ನಾನು ಕಲಿತದ್ದು ಬೇರೆ. ಸುಮಾರು 800 ಮೀಟರ್ ಎತ್ತರದ ಈ ಸೀಮೆಯಲ್ಲಿ ಬಿಸಿಲಿಗಿಂತ ಹೊರೆಯ ಅವಧಿಯೇ ದೊಡ್ಡ ಶತ್ರು. ಸುರುಳಿಯ ನಷ್ಟ ಕರೆಂಟಿನ ವರ್ಗದಂತೆ ಏರುತ್ತದೆ, ಅಂದರೆ 20% ಹೆಚ್ಚು ಹೊರೆಗೆ 44% ಹೆಚ್ಚು ನಷ್ಟ. ಗಾಳಿ 30 ಡಿಗ್ರಿ ಇದ್ದು, ಪೂರ್ಣ ಹೊರೆಯಲ್ಲಿ ಸುರುಳಿಯ ಅತಿ ಬಿಸಿ ಜಾಗ 88 ಡಿಗ್ರಿ ಮುಟ್ಟುವ ಟಿಸಿಯಲ್ಲಿ, ಹೊರೆ ಅಷ್ಟು ಏರಿದರೆ ಅದು 105ರ ಆಸುಪಾಸಿಗೆ ಹೋಗುತ್ತದೆ. ಸುರುಳಿಯ ಸಾಮಾನ್ಯ ನಿರೋಧಕ ಕಾಗದ ಪ್ರತಿ 6 ಡಿಗ್ರಿಗೆ ಎರಡು ಪಟ್ಟು ಬೇಗ ಸವೆಯುವುದರಿಂದ, ಸವೆತದ ವೇಗ ಏಳು ಪಟ್ಟಾಗುತ್ತದೆ.

ಎಣ್ಣೆ ನಿಧಾನವಾಗಿ ಕಾಯುತ್ತದೆ, ಸ್ವಲ್ಪ ಹೆಚ್ಚು ಹೊರೆ ತಾಳುತ್ತದೆ ಎನ್ನುವವರಿದ್ದಾರೆ. ಊರೊಳಗಿನ ಟಿಸಿಗೆ ಆ ಮಾತು ಸರಿ, ಸಂಜೆಯ ಎರಡು ಗಂಟೆಯ ಹೊರೆಯನ್ನು ಎಣ್ಣೆಯ ನಿಧಾನವೇ ನುಂಗಿಬಿಡುತ್ತದೆ. ಪಂಪ್‌ಸೆಟ್ ಟಿಸಿಗೆ ಆ ಪುಣ್ಯವಿಲ್ಲ. ಇಂಥ ಟಿಸಿಯ ಎಣ್ಣೆ ಎಷ್ಟು ನಿಧಾನವಾಗಿ ಕಾಯುತ್ತದೆಂಬುದರ ಅಳತೆಯಾದ ಕಾಲಸ್ಥಿರಾಂಕ ಸುಮಾರು 3 ಗಂಟೆ. 7 ಗಂಟೆ ಸತತ ತ್ರೀ ಫೇಸ್ ಕೊಟ್ಟರೆ ಎಣ್ಣೆಯ ಬಿಸಿ ತನ್ನ ಕೊನೆಯ ಏರಿಕೆಯ 90% ತಲುಪಿರುತ್ತದೆ. ಆಟೋ ಸ್ಟಾರ್ಟರ್‌ಗಳ ದೆಸೆಯಿಂದ ಕರೆಂಟ್ ಬಂದೊಡನೆ ಮೋಟರ್‌ಗಳೆಲ್ಲ ಒಟ್ಟಿಗೆ ಏಳುತ್ತವೆ, ಕರೆಂಟ್ ಹೋಗುವತನಕ ನಿಲ್ಲುವುದಿಲ್ಲ. ಕೊಳವೆಬಾವಿ ಸಾವಿರ ಅಡಿ ದಾಟಿದಂತೆ ಮೋಟರಿನ ಎಚ್‌ಪಿ ಬೆಳೆದಿದೆ, ದಾಖಲೆಯಲ್ಲಿ ಬೆಳೆದಿರಬೇಕೆಂದಿಲ್ಲ. ಸ್ಟಾರ್ಟರ್‌ಗಳಿಗೆ ಕೆಲವು ನಿಮಿಷಗಳ ಅಂತರ ಇಟ್ಟರೆ ಶುರುವಿನ ಎಳೆತ ತಗ್ಗುತ್ತದೆ, ಎಣ್ಣೆಗೆ ಅದರಿಂದ ಏನೂ ಆಗದು. ಕರೆಂಟನ್ನು ಹಗಲು–ರಾತ್ರಿ ಎರಡು ಕಂತು ಮಾಡಿದರೆ ಟಿಸಿ ತಣಿಯುತ್ತದೆ ನಿಜ. ಹಾವು ಚೇಳಿನ ನಡುವೆ ರಾತ್ರಿ ನೀರು ಕಟ್ಟುವವರ ಪಾಡು ಮಾತ್ರ ಆ ಲೆಕ್ಕದಲ್ಲಿ ಬರುವುದಿಲ್ಲ.

ಸಿಡಿಲು, ಶಾರ್ಟ್ ಸರ್ಕ್ಯೂಟ್‌ನಿಂದಲೂ ಟಿಸಿ ಹೋಗುವುದಿಲ್ಲವೇ? ಹೋಗುತ್ತದೆ. ಅಲ್ಲಿ ಶಾಖದ ಲೆಕ್ಕ ಉಪಯೋಗಕ್ಕೆ ಬಾರದು. ಅದಕ್ಕಿಂತ ಗಟ್ಟಿ ಆಕ್ಷೇಪವೆಂದರೆ, ಸೂತ್ರಗಳು ನಾಮಫಲಕದಲ್ಲಿ ಬರೆದಂತೆಯೇ ಇರುವ ಹೊಸ ಟಿಸಿಯನ್ನು ಊಹಿಸಿಕೊಂಡಿವೆ. ನಮ್ಮ ಕಂಬದ ಮೇಲಿರುವುದು ರಿವೈಂಡ್ ಆಗಿ ಬಂದದ್ದಿರಬಹುದು, ನಷ್ಟ ಮೊದಲಿನಷ್ಟೇ ಇರಬೇಕೆಂದಿಲ್ಲ. ಎಣ್ಣೆ ಸೋರಿ ಮಟ್ಟವು ರೇಡಿಯೇಟರಿನ ಮೇಲಿನ ಬಾಯಿಗಿಂತ ಕೆಳಗಿಳಿದರೆ ಎಣ್ಣೆಯ ಸುತ್ತಾಟವೇ ನಿಲ್ಲುತ್ತದೆ, ಆಗ ಅರ್ಧ ಹೊರೆಯೂ ಭಾರ. ಮೂರು ಫೇಸ್‌ಗಳಲ್ಲಿ ಒಂದಕ್ಕೇ ಹೆಚ್ಚು ಹೊರೆ ಬಿದ್ದರಂತೂ ಮೇಲಿನ ಎಣ್ಣೆ ತಣ್ಣಗೇ ಕಾಣುತ್ತದೆ, ಒಳಗೆ ಒಂದು ಸುರುಳಿ ಬೇಯುತ್ತಿರುತ್ತದೆ. ಇದರಿಂದ ಲೆಕ್ಕ ಸುಳ್ಳಾಗುವುದಿಲ್ಲ, ಅದಕ್ಕೆ ಯಾವ ಅಂಕಿ ಕೊಡಬೇಕೆಂದು ತಿಳಿಯುತ್ತದೆ ಅಷ್ಟೆ.

ಆದ್ದರಿಂದ ಸುಟ್ಟ ಟಿಸಿಗೆ ಬದಲಾಗಿ ದೊಡ್ಡದನ್ನೇ ಕೇಳುವ ಮುನ್ನ, ಮೂರೂ ಫೇಸ್‌ಗಳ ಆಂಪಿಯರನ್ನು ತ್ರೀ ಫೇಸ್ ಬಂದ ಮೊದಲ ಗಂಟೆಯಲ್ಲೂ ಕೊನೆಯ ಗಂಟೆಯಲ್ಲೂ ಟಾಂಗ್ ಟೆಸ್ಟರಿನಲ್ಲಿ ಅಳೆದು ಬರೆಯಲು ಲೈನ್‌ಮನ್‌ಗೆ ಹೇಳಿ. ಎಣ್ಣೆಯ ಮಟ್ಟವನ್ನೂ ನೋಡಿಸಿ.