ಚಾರ್ಟಿನಲ್ಲಿ ಬಿಟ್ಟುಹೋದ ಹಬೆ: ಅಣುಶಕ್ತಿಯ ವಿಮಾನವಾಹಕ ಹಡಗಿನ ಒಂದು ಪಾಠ

ಹತ್ತನೇ ತರಗತಿಯ ‘ಶಕ್ತಿಯ ಆಕರಗಳು’ ಪಾಠದಲ್ಲಿ ಬೈಜಿಕ ವಿದಳನಕ್ಕೆ ಉದಾಹರಣೆಯಾಗಿ ನಾನು ಆರಿಸಿಕೊಂಡದ್ದು ಅಮೆರಿಕದ ವಿಮಾನವಾಹಕ ಹಡಗು ‘ನಿಮಿಟ್ಜ್’. 1975ರಲ್ಲಿ ನೌಕಾಪಡೆ ಸೇರಿದ ಈ ಹಡಗಿನ ಉದ್ದ ಸುಮಾರು 333 ಮೀಟರ್, ತುಂಬಿದಾಗಿನ ತೂಕ ಸುಮಾರು ಒಂದು ಲಕ್ಷ ಟನ್. ಅರವತ್ತಕ್ಕೂ ಹೆಚ್ಚು ವಿಮಾನ, ಐದು ಸಾವಿರದಷ್ಟು ಜನ. ಇಷ್ಟನ್ನೂ ಹೊತ್ತು ಗಂಟೆಗೆ 55 ಕಿ.ಮೀ.ಗಿಂತ ವೇಗವಾಗಿ ಓಡಲು ಎರಡೇ ರಿಯಾಕ್ಟರ್. ಪೀಠಿಕೆಗೆ ಇಷ್ಟು ಸಾಕಾಯಿತು, ತರಗತಿ ಕಣ್ಣರಳಿಸಿ ಕೇಳಿತು. ಆದರೆ ಕೊನೆಯಲ್ಲಿ ಶಕ್ತಿ ಪರಿವರ್ತನೆಯ ಹಂತಗಳನ್ನು ಬರೆಸಿದಾಗ ಬಹಳ ಮಂದಿ ಬರೆದದ್ದು: ‘ಅಣು ಸಿಡಿದು ಹಡಗನ್ನು ಮುಂದಕ್ಕೆ ತಳ್ಳುತ್ತದೆ.’

ತಪ್ಪು ನನ್ನ ಚಾರ್ಟಿನದು. ಯುರೇನಿಯಂ ಚಿತ್ರದಿಂದ ನೇರವಾಗಿ ಪ್ರೊಪೆಲ್ಲರ್‌ಗೆ ಬಾಣ ಹಾಕಿದ್ದೆ. ಬಣ್ಣ ಹಚ್ಚಲು ಎರಡು ಸಂಜೆ ಕಳೆದವಳು, ನಡುವೆ ಏನು ನಡೆಯುತ್ತದೆಂದು ತೋರಿಸಲು ಜಾಗವನ್ನೇ ಬಿಟ್ಟಿರಲಿಲ್ಲ. ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಎರಡೇ ಪದ: ‘ನೀರು ಎಲ್ಲಿ?’

ಮರುದಿನ ಚಾರ್ಟ್ ಬದಿಗಿಟ್ಟು ಒಲೆಯಿಂದ ಶುರು ಮಾಡಿದೆ. ರಿಯಾಕ್ಟರ್ ಎಂದರೆ ಒಲೆ. ನ್ಯೂಟ್ರಾನ್ ಬಡಿದು ಯುರೇನಿಯಂ-235ರ ಬೀಜಕೇಂದ್ರ ಒಡೆಯುತ್ತದೆ. ಹೊರಬಿದ್ದ ಎರಡೋ ಮೂರೋ ನ್ಯೂಟ್ರಾನ್‌ಗಳಿಂದ ಕ್ರಿಯೆ ಮುಂದುವರಿಯುತ್ತದೆ. ಕೈಗೆ ಸಿಗುವುದು ಶಾಖ. ಅದನ್ನು ಹೊರುವ ನೀರು ಭಾರೀ ಒತ್ತಡದಲ್ಲಿರುವುದರಿಂದ 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಕುಕ್ಕರ್‌ನಲ್ಲಿ ಬೇಳೆ ಬೇಗ ಬೇಯುವುದೇಕೆಂದು ಕೇಳಿದೆ. ಉತ್ತರ ಹಿಂದಿನ ಬೆಂಚಿನಿಂದ ಬಂತು. ಈ ನೀರು ಕೊಳವೆಗಳಲ್ಲಿ ಹರಿಯುತ್ತ ಇನ್ನೊಂದು ನೀರನ್ನು ಕಾಯಿಸುತ್ತದೆ, ಎರಡೂ ಬೆರೆಯುವುದಿಲ್ಲ. ಎರಡನೆಯದು ಹಬೆಯಾಗಿ ಟರ್ಬೈನ್ ತಿರುಗಿಸುತ್ತದೆ, ಟರ್ಬೈನ್ ಗಿಯರ್‌ಗಳ ಮೂಲಕ ನಾಲ್ಕು ಪ್ರೊಪೆಲ್ಲರ್‌ಗಳನ್ನು ತಿರುಗಿಸುತ್ತದೆ. ಎರಡು–ಮೂರು ಸೆಕೆಂಡಿನಲ್ಲಿ ವಿಮಾನವನ್ನು ಹಾರುವ ವೇಗಕ್ಕೆ ಎಸೆಯುವ ಕ್ಯಾಟಪಲ್ಟ್‌ಗೂ ಇದೇ ಹಬೆ.

“ಕೈಗಾದಲ್ಲೂ ಹೀಗೇನಾ ಮಿಸ್?” ಹೌದು, ಅಲ್ಲಿ ಟರ್ಬೈನ್ ಜನರೇಟರನ್ನು ತಿರುಗಿಸುತ್ತದೆ. “ಕಾರವಾರದ ವಿಕ್ರಮಾದಿತ್ಯ?” ಅದರದೂ ಹಬೆಯ ಟರ್ಬೈನೇ, ಆದರೆ ಬಾಯ್ಲರ್‌ನಲ್ಲಿ ಉರಿಯುವುದು ತೈಲ. ಮೂರನ್ನೂ ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆದಾಗ, ಬೇರೆಯಾಗಿರುವುದು ಎಲ್ಲಿ ಎಂದು ಅವರೇ ಗುರುತಿಸಿದರು.

ಆಗ ಒಬ್ಬಳು ಎದ್ದಳು. “ಇಪ್ಪತ್ತೈದು ವರ್ಷ ಇಂಧನ ಹಾಕೋದು ಬೇಡ ಅಂದ್ರಿ. ಹಾಗಾದ್ರೆ ಅಷ್ಟು ವರ್ಷ ಸಮುದ್ರದಲ್ಲೇ ಇರಬಹುದಲ್ವಾ?” ಆ ಸಂಖ್ಯೆಯನ್ನು ಮೊದಲ ದಿನ ದೊಡ್ಡ ದನಿಯಲ್ಲಿ ಹೇಳಿದವಳು ನಾನೇ. ಉತ್ತರ ಹೇಳದೆ ಹಲಗೆಯಲ್ಲಿ ಎರಡು ಕಂಬಸಾಲು ಎಳೆದೆ: ರಿಯಾಕ್ಟರ್ ಕೊಡುವುದು, ಕೊಡದಿರುವುದು. ವಿಮಾನದ ಇಂಧನ, ಅಕ್ಕಿ, ತರಕಾರಿ, ಬಾಂಬು ಎಲ್ಲವೂ ಎರಡನೆಯದಕ್ಕೆ ಹೋದವು. ಕುಡಿಯುವ ನೀರನ್ನೂ ಅಲ್ಲಿಗೇ ಸೇರಿಸಿದ್ದರು; ಸಮುದ್ರದ ನೀರನ್ನು ಬಟ್ಟಿ ಇಳಿಸುವುದು ರಿಯಾಕ್ಟರ್‌ನ ಶಾಖವೇ ಎಂದಾಗ ಅಳಿಸಿ ಮೊದಲನೆಯದಕ್ಕೆ ತಂದರು.

1964ರಲ್ಲಿ ‘ಎಂಟರ್‌ಪ್ರೈಸ್’ ಎಂಬ ಮೊದಲ ಅಣುಶಕ್ತಿ ವಿಮಾನವಾಹಕ ಹಡಗು, ಇನ್ನೆರಡು ಅಣುಶಕ್ತಿ ಹಡಗುಗಳೊಂದಿಗೆ, ಇಂಧನ ತುಂಬಿಸದೆ 65 ದಿನದಲ್ಲಿ ಭೂಮಿಯನ್ನು ಸುತ್ತಿ ಬಂದದ್ದು ನಿಜ. ಆದರೆ ವಿಮಾನವಾಹಕದ ಕೆಲಸ ಸುತ್ತುವುದಲ್ಲ. ಬೇರೆ ದೇಶದ ನೆಲವನ್ನು ಕೇಳದೆ ವಿಮಾನ ಹಾರಿಸುವ ನಿಲ್ದಾಣ ಅದು. ಹಾರಾಟ ಜೋರಾದರೆ ಇಂಧನ ದಿನಗಳಲ್ಲಿ ಕರಗುತ್ತದೆ. ಸರಬರಾಜು ಹಡಗು ಪಕ್ಕಕ್ಕೆ ಬಂದು ಕೊಳವೆ ಚಾಚಬೇಕು. ಜೊತೆಗೆ ಸಾಗುವ ಕಾವಲು ಹಡಗುಗಳೂ ಇಂದು ತೈಲದವೇ. ತನಗೆ ತೈಲ ಬೇಡವಾದ್ದರಿಂದ ಆ ಜಾಗದಲ್ಲಿ ವಿಮಾನಗಳ ಇಂಧನ ಹೆಚ್ಚು ಹೊರಬಹುದು, ದೂರಕ್ಕೆ ವೇಗ ತಗ್ಗಿಸದೆ ಹೋಗಬಹುದು. ಲಾಭ ಇಷ್ಟು, ಇದೇನೂ ಸಣ್ಣದಲ್ಲ.

ಎರಡನೇ ಬಾರಿ ಬರೆಸಿದಾಗ ‘ಸಿಡಿದು ತಳ್ಳುವ’ ಅಣು ಯಾರ ಪುಸ್ತಕದಲ್ಲೂ ಇರಲಿಲ್ಲ. ಬದಲಿಗೆ ಕೆಲವರು ಹಬೆಯಿಂದ ವಿದ್ಯುತ್, ವಿದ್ಯುತ್‌ನಿಂದ ಪ್ರೊಪೆಲ್ಲರ್ ಎಂದು ಬರೆದಿದ್ದರು. ಹಡಗಿನ ದೀಪಕ್ಕೂ ರಾಡಾರ್‌ಗೂ ವಿದ್ಯುತ್ ಬೇಕು ನಿಜ, ಪ್ರೊಪೆಲ್ಲರ್‌ಗಲ್ಲ. ಈ ಗೊಂದಲ ನನ್ನ ಕೈಗಾ ಹೋಲಿಕೆಯಿಂದ ಬಂದದ್ದು. ಮುಂದಿನ ಪಾಠಯೋಜನೆಯಲ್ಲಿ ಹಡಗನ್ನು ಮುಗಿಸಿದ ಮೇಲಷ್ಟೇ ಕೈಗಾ ತರುತ್ತೇನೆ.