ದೀಪಾವಳಿಯ ಲಕ್ಷ್ಮೀಪಟ: ಕಲ್ಲಚ್ಚಿನಿಂದ ಫ್ಲೆಕ್ಸಿನವರೆಗೆ

ದೀಪಾವಳಿಯ ಅಂಗಡಿಪೂಜೆಯಲ್ಲಿ ಹೊಸ ಲೆಕ್ಕದ ಪುಸ್ತಕದೊಡನೆ ಇರಿಸುವ ಲಕ್ಷ್ಮೀಪಟವು ಬಹು ಪುರಾತನವಾದುದೆಂಬ ಭಾವನೆ ವರ್ತಕರಲ್ಲಿ ಸಾಮಾನ್ಯವಾಗಿದೆ. ದೇವಿಯ ಆರಾಧನೆ ಪುರಾತನವೇ ಸರಿ. ಆದರೆ ಕಾಗದದ ಮೇಲೆ ಇಂದು ಕಾಣುವ ಆ ವರ್ಣರೂಪದ ವಯಸ್ಸು ಸುಮಾರು ಒಂದೂಕಾಲು ಶತಮಾನ ಮಾತ್ರ. ಅದು ಮನೆಮನೆಗೆ ತಲುಪಿದ್ದು ಗುಡಿಯಿಂದಲ್ಲ, ಅಚ್ಚುಕೂಟದಿಂದ. ಆದುದರಿಂದಲೇ ಅದರ ಇತಿಹಾಸದಲ್ಲಿ ಭಕ್ತಿಯ ಜೊತೆಗೆ ಬಂಡವಾಳ, ಸಾಲ ಮತ್ತು ಹಕ್ಕುಸ್ವಾಮ್ಯದ ಪ್ರಶ್ನೆಗಳೂ ಹೆಣೆದುಕೊಂಡಿವೆ.

1878ರ ವೇಳೆಗೆ ಪುಣೆಯ ಚಿತ್ರಶಾಲಾ ಮುದ್ರಣಾಲಯ ಹಾಗೂ ಕಲ್ಕತ್ತೆಯ ಆರ್ಟ್ ಸ್ಟುಡಿಯೋ ದೇವತಾಚಿತ್ರಗಳನ್ನು ಅಚ್ಚು ಹಾಕತೊಡಗಿದ್ದವು. ರಾಜಾ ರವಿವರ್ಮನ ಚಿತ್ರಗಳನ್ನು ಯುರೋಪಿನಲ್ಲಿ ಮುದ್ರಿಸಿ ಹಂಚಬೇಕೆಂದು 1884ರಲ್ಲಿ ದಿವಾನ್ ಟಿ. ಮಾಧವರಾಯರು ಸಲಹೆ ನೀಡಿದರು. ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಸ್ವಂತ ಮುದ್ರಣಾಲಯವನ್ನೇ ತೆರೆದನು. ಯಂತ್ರಗಳೂ ತಂತ್ರಜ್ಞರೂ ಜರ್ಮನಿಯಿಂದ ಬಂದರು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಹಾಳೆಯು ಆ ಕಲ್ಲುಗಳ ಮೇಲೆ ಒಂದಾದ ಮೇಲೊಂದರಂತೆ ಕೂದಲೆಳೆಯಷ್ಟೂ ಜರುಗದಂತೆ ಕೂರಬೇಕು. ಜರುಗಿದರೆ ದೇವಿಯ ತುಟಿಯ ಕೆಂಪು ಕೆನ್ನೆಗೆ ತಗಲುತ್ತದೆ, ಹಾಳೆ ರದ್ದಿಗೆ ಸೇರುತ್ತದೆ. ಇಷ್ಟು ಶ್ರಮದಿಂದ ಹೊರಬಂದ ಚಿತ್ರಗಳಲ್ಲಿ ಒಂದು ಲಕ್ಷ್ಮಿಯದು: ಕಮಲದ ಮೇಲೆ ನಿಂತ, ಸೀರೆಯುಟ್ಟ ಚತುರ್ಭುಜೆ, ಪಕ್ಕದಲ್ಲಿ ಆನೆ. ಮೂಲ ವರ್ಣಚಿತ್ರ 1896ರದು.

ಪಟಗಳು ಜನಪ್ರಿಯವಾದವು, ಉದ್ಯಮ ಮಾತ್ರ ಲಾಭ ತರಲಿಲ್ಲ. ಮುಂಬಯಿಗೆ ಪ್ಲೇಗ್ ಬಂದಿತು, ಮುದ್ರಣಾಲಯವನ್ನು ಲೋಣಾವಳದ ಬಳಿಯ ಮಳವಳಿಗೆ ಸಾಗಿಸಬೇಕಾಯಿತು, ಸಾಲ ಬೆಳೆಯಿತು. 20ನೆಯ ಶತಮಾನದ ಆರಂಭದಲ್ಲಿ ಅದು ಜರ್ಮನ್ ತಂತ್ರಜ್ಞ ಫ್ರಿಟ್ಜ್ ಷ್ಲೈಷರ್‌ನ ಪಾಲಾಯಿತು; ಹಲವು ಚಿತ್ರಗಳ ಮುದ್ರಣದ ಹಕ್ಕೂ ಅದರೊಡನೆ ಹೋಯಿತು. ಒಳ್ಳೆಯ ಸರಕಿಗೆ ಬೇಡಿಕೆಯಿದ್ದೂ ನಷ್ಟವಾಗಬಹುದೆಂಬುದನ್ನು ವರ್ತಕರಿಗೆ ವಿವರಿಸಬೇಕಾಗಿಲ್ಲ.

ಇದೇ ಕಾಲದಲ್ಲಿ ಮ್ಯಾಂಚೆಸ್ಟರಿನ ಬಟ್ಟೆಯ ಥಾನುಗಳು ದೇವತಾಚಿತ್ರದ ಚೀಟಿಗಳನ್ನು ಅಂಟಿಸಿಕೊಂಡು ಭಾರತಕ್ಕೆ ಬರುತ್ತಿದ್ದವು. ಓದು ಬಾರದ ಗಿರಾಕಿಯೂ ಚಿತ್ರ ನೋಡಿ ಸರಕನ್ನು ಗುರುತಿಸಬಹುದಾಗಿತ್ತು. ಮೇಲೆ ದೇವರು, ಕೆಳಗೆ ಅಂಗಡಿಯ ಹೆಸರು ಎಂಬ ಕ್ಯಾಲೆಂಡರಿನ ಏರ್ಪಾಡೂ ಇದೇ ಜಾಡಿನದು. 1922ರಲ್ಲಿ ಕಲ್ಕತ್ತೆಗೆ ತೆರಳಿ ಬೆಂಕಿಪೊಟ್ಟಣ ತಯಾರಿಕೆಯನ್ನು ಕಲಿತುಬಂದ ಪಿ. ಅಯ್ಯ ನಾಡಾರ್ ಮತ್ತು ಎ. ಷಣ್ಮುಗ ನಾಡಾರ್ ಅವರಿಂದ ಶಿವಕಾಶಿಯಲ್ಲಿ ಆ ಕೈಗಾರಿಕೆ ಬೇರೂರಿತು. ಪೊಟ್ಟಣದ ಚೀಟಿಗಾಗಿ ಬೆಳೆದ ಮುದ್ರಣವು ಮುಂದೆ ಕ್ಯಾಲೆಂಡರುಗಳಿಗೂ ಹೆಸರಾಯಿತು. ಕನ್ನಡನಾಡಿನ ಕೊಡುಗೆಯೆಂದರೆ ಗುಲ್ಬರ್ಗದಲ್ಲಿ 1916ರಲ್ಲಿ ಜನಿಸಿದ ಎಸ್. ಎಂ. ಪಂಡಿತರು. ಚಲನಚಿತ್ರದ ಪೋಸ್ಟರುಗಳನ್ನೂ ಬರೆದ ಅವರ ಕೈಯಲ್ಲಿ ಕ್ಯಾಲೆಂಡರಿನ ದೇವತೆಗಳಿಗೆ ಬೆಳ್ಳಿತೆರೆಯ ನೆರಳುಬೆಳಕು ಬಂದಿತು.

ಆಫ್‌ಸೆಟ್ ಮುದ್ರಣದಿಂದ ಪಟ ಅಗ್ಗವಾಯಿತು. ಫ್ಲೆಕ್ಸಿನಿಂದ ಅದು ಅಂಗಡಿಯ ಮುಂಗಟ್ಟನ್ನೇ ಆವರಿಸಿತು. ದೇವಿಯ ಬದಿಯಲ್ಲಿ ಮಾಲೀಕರ ಭಾವಚಿತ್ರವೂ ಮೂಡಿತು. ಇದನ್ನು ಕಲೆಯ ಬೆಳವಣಿಗೆಯೆನ್ನುವುದು ಕಷ್ಟ. ಪರಿಸರದ ಕಾರಣದಿಂದ ಕರ್ನಾಟಕ ಸರ್ಕಾರವು 2016ರ ಮಾರ್ಚಿನ ಅಧಿಸೂಚನೆಯಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ಮತ್ತು ಬ್ಯಾನರುಗಳನ್ನು ನಿಷೇಧಿಸಿತು.

ಹಬ್ಬದ ಪಟ ಅಥವಾ ಕ್ಯಾಲೆಂಡರು ಹಂಚುವವರು ಗಮನಿಸಬೇಕಾದ ಅಂಶವೊಂದಿದೆ. ದೇವರು ಎಲ್ಲರಿಗೂ ಸೇರಿದವರು; ಚಿತ್ರ ಹಾಗಲ್ಲ. ಭಾರತದ ಹಕ್ಕುಸ್ವಾಮ್ಯ ಕಾನೂನಿನಂತೆ ಕಲಾಕೃತಿಯ ಹಕ್ಕು ಕಲಾವಿದನ ಮರಣಾನಂತರ 60 ವರ್ಷ ಉಳಿಯುತ್ತದೆ. 1906ರಲ್ಲಿ ನಿಧನನಾದ ರವಿವರ್ಮನ ಮೂಲ ಚಿತ್ರಗಳನ್ನು ಯಾರೂ ಅಚ್ಚು ಹಾಕಬಹುದು. 1993ರಲ್ಲಿ ತೀರಿಕೊಂಡ ಪಂಡಿತರ ಚಿತ್ರಗಳಿಗೆ 2053ರ ಕೊನೆಯವರೆಗೆ ರಕ್ಷಣೆಯಿದೆ. ಅಂತರ್ಜಾಲದಿಂದ ಇಳಿಸಿಕೊಂಡ ಚಿತ್ರವೆಂಬುದು ಸಮರ್ಥನೆಯಾಗದು. ಧಾರ್ಮಿಕ ಹೆಸರುಗಳ ವಿಷಯದಲ್ಲಿ, ಅಗರಬತ್ತಿಗೆ ‘ರಾಮಾಯಣ’ ಎಂಬ ಪದವನ್ನು ಒಬ್ಬರೇ ವ್ಯಾಪಾರಚಿಹ್ನೆಯಾಗಿ ಪಡೆಯಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ತೀರ್ಪಿತ್ತಿದೆ. ಕಲಾವಿದರಿಗೆ ಹಣ ಕೊಟ್ಟು ಹೊಸ ವರ್ಣಚಿತ್ರ ಬರೆಯಿಸಿದಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ಹಕ್ಕು ಬರೆಯಿಸಿದವರದೇ. ಆದರೂ ಪಟ ಎಷ್ಟು ವರ್ಷ, ಯಾವ ಯಾವ ರೂಪದಲ್ಲಿ ಅಚ್ಚಾಗುವುದೆಂಬುದನ್ನು ಮುಂಗಡ ಕೊಡುವ ದಿನವೇ ಬರಹದಲ್ಲಿ ಪಡೆಯುವುದು ಲೇಸು.