ಅಟ್ಟದ ಚಾಲಿ, ಸೊಸೈಟಿಯ ಬಡ್ಡಿ

ಸಿದ್ದಾಪುರದ ಕಡೆ ಒಂದು ಮನೆ ಅಂದುಕೊಳ್ಳಿ. ಕೊನೆ ಕೊಯ್ಲು ಮುಗಿದಿದೆ. ಅಂಗಳದಲ್ಲಿ ನಲವತ್ತು ದಿನ ಒಣಗಿದ ಅಡಿಕೆ ಸುಲಿಸಿಕೊಂಡು, ಚಾಲಿಯಾಗಿ ಚೀಲ ಸೇರಿದೆ. ಈಗಲೇ ಟೆಂಡರಿಗೆ ಹಾಕಿ ಮಾರುವುದೋ, ಚೌತಿಯವರೆಗೆ ಅಟ್ಟದಲ್ಲಿಡುವುದೋ? ಬಡ್ಡಿಯ ಪಾಠವನ್ನು ನಾನು ಶುರು ಮಾಡುವುದು ಇಲ್ಲಿಂದಲೇ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರಿಗೆ ಪಾಸ್‌ಬುಕ್ಕಿಗಿಂತ ಮೊದಲಿನ ಉಳಿತಾಯ ಅಡಿಕೆ ಚೀಲ.

ಫಸಲು ವರ್ಷಕ್ಕೊಮ್ಮೆ, ಖರ್ಚು ಹನ್ನೆರಡು ತಿಂಗಳೂ. ಚೀಲ ಮಾರದವರೂ ದಿನಸಿ ತರಬೇಕು, ಕಾಲೇಜಿನ ಫೀಸು ಕಟ್ಟಬೇಕು, ಅಡಿಕೆ ಕೊಯ್ಯುವ ಕೊನೆಗೌಡನಿಗೆ ಕೂಲಿ ಕೊಡಬೇಕು. ಅದಕ್ಕೇ ಸೊಸೈಟಿ. ಶಿರಸಿಯಲ್ಲಿ 1923ರಲ್ಲಿ ಹುಟ್ಟಿದ ತೋಟಗಾರರ ಸಹಕಾರಿ ಮಾರಾಟ ಸಂಘ ಟಿಎಸ್‌ಎಸ್‌ನಂಥ ಕಡೆ ಅಡಿಕೆ ಮಾರುವುದೂ ಸಾಲ ಎತ್ತುವುದೂ ದಿನಸಿ ಕೊಳ್ಳುವುದೂ ಒಂದೇ ಸೂರಿನಡಿ.

ಲೆಕ್ಕಕ್ಕೆ ಸುಲಭವಾಗಲೆಂದು ಕ್ವಿಂಟಾಲಿಗೆ 40,000 ರೂಪಾಯಿ ಹಿಡಿಯೋಣ. ಅಷ್ಟೇ ಹಣವನ್ನು ಶೇ. 9ರ ಬಡ್ಡಿಗೆ ತಂದು ಚಾಲಿ ಇಟ್ಟುಕೊಂಡರೆ ತಿಂಗಳಿಗೆ 300, ಆರು ತಿಂಗಳಿಗೆ 1,800. ಧಾರಣೆ 41,800 ದಾಟದಿದ್ದರೆ ಕಾದದ್ದು ದಂಡ. ಮಳೆಗಾಲದ ಥಂಡಿ, ತೂಕದ ಇಳಿತ ಬೇರೆ. ಬಡ್ಡಿ ಶೇ. 12 ಆದರೆ ಗೆರೆ 42,400ಕ್ಕೆ ಏರುತ್ತದೆ. ಆಗ ಚೀಲಗಳು ಬೇಗ ಅಟ್ಟ ಇಳಿಯುತ್ತವೆ. (ಸಹಕಾರಿ ಸಂಘದ ಶೂನ್ಯ ಬಡ್ಡಿಯ ಬೆಳೆಸಾಲ ಸಿಕ್ಕವರ ಲೆಕ್ಕವೇ ಬೇರೆ. ಅದನ್ನು ಠೇವಣಿಗಿಟ್ಟರೆ ಏನಾಗುತ್ತದೆ ಎಂಬುದನ್ನು ಹತ್ತನೇ ತರಗತಿಯ ಹುಡುಗನೂ ಹೇಳಬಲ್ಲ!)

ಈಗ ಠೇವಣಿಗೆ ಬನ್ನಿ. ಬಡ್ಡಿ ಇಳಿದರೆ ಜನ ಉಳಿಸುವುದು ಬಿಟ್ಟು ಖರ್ಚಿಗಿಳಿಯುತ್ತಾರೆ ಎಂದು ಪುಸ್ತಕ ಹೇಳುತ್ತದೆ. ಅರ್ಧ ನಿಜ. ಅದೇ ಮನೆಯ ಯಜಮಾನರ ಹೆಸರಲ್ಲಿ 10 ಲಕ್ಷ ಇದೆಯೆನ್ನಿ. ಶೇ. 7.5ಕ್ಕೆ ತಿಂಗಳಿಗೆ 6,250 ಬರುತ್ತಿತ್ತು, ಶೇ. 6ಕ್ಕೆ 5,000. ಮೊದಲಿನಷ್ಟೇ ಬರಬೇಕೆಂದರೆ 12.5 ಲಕ್ಷ ಬೇಕು. ಹಾಗಾಗಿ ಅವರು ಖರ್ಚು ಹೆಚ್ಚಿಸುವುದಿಲ್ಲ, ಕೈ ಬಿಗಿ ಹಿಡಿಯುತ್ತಾರೆ. ಬೆಲೆಯೇರಿಕೆ ಬಡ್ಡಿಯನ್ನು ಮೀರಿದರಂತೂ ಠೇವಣಿ ಬೆಳೆದಂತೆ ಕಂಡರೂ ಒಳಗೊಳಗೇ ಕರಗುತ್ತಿರುತ್ತದೆ.

2025ರಲ್ಲಿ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ತಾನು ಸಾಲ ಕೊಡುವ ರೆಪೊ ದರವನ್ನು ಶೇ. 6.5ರಿಂದ 5.25ಕ್ಕೆ ಹಂತಹಂತವಾಗಿ ಇಳಿಸಿತು. ಇಂಥ ಇಳಿಕೆ ಮೆಲ್ಲಗೆ ಠೇವಣಿಯನ್ನೂ ಮುಟ್ಟುತ್ತದೆ, ಬೆಂಗಳೂರಿನಲ್ಲಿರುವ ಆ ಯಜಮಾನರ ಮಗನ ಗೃಹಸಾಲವನ್ನೂ. 20 ವರ್ಷದ 40 ಲಕ್ಷ ಸಾಲದ ಬಡ್ಡಿ ಶೇ. 8.5ರಿಂದ 7.5ಕ್ಕೆ ಬಂದರೆ ತಿಂಗಳ ಕಂತು ಸುಮಾರು 2,500 ಕಡಿಮೆ. ಅಪ್ಪನಿಗೆ 1,250 ಖೋತಾ, ಮಗನಿಗೆ ಅದರ ಎರಡರಷ್ಟು ಉಳಿತಾಯ. ಆ ದುಡ್ಡಲ್ಲಿ ಮಗ ಟಿವಿ ಬದಲಿಸುತ್ತಾನೋ, ಊರಿಗೆ ಇನ್ನೊಂದು ಸಲ ಬರುತ್ತಾನೋ, ಅಪ್ಪ ಕೇಳಿಲ್ಲ.